ಕಿವಿಗೆ ಬಂದ ಮಿಷನ್ನು, ಕೇಳುವುದಕ್ಕೆ ಮೂರು ಇಂಗ್ಲಿಷು

ನಮ್ಮ ಯಜಮಾನರು ಬೀರಲಿಂಗಪ್ಪನವರ ಮಂದ ಕಿವಿಗೆ ಮಿಷನ್ ಬಂದ ದಿನ ಜಗಳೂರಿನ ನಮ್ಮ ಮನೆಯಲ್ಲಿ ಹಬ್ಬವೋ ಹಬ್ಬ. ಬಸ್ ಇಳಿದು ಬಂದವರೇ ಕುರಿಹಟ್ಟಿಯ ಮುಂದೆ ನಿಂತುಬಿಟ್ಟರು. "ಏ, ಇವು ಇಷ್ಟು ಜೋರಾಗಿ ಕೂಗ್ತಾವಾ!" ಎಂದು ಬೆರಗಾದರು. ಒಗ್ಗರಣೆಯ ಚಟಪಟ ಕೇಳಿ ಅಡುಗೆಮನೆಗೂ ಓಡಿಬಂದರು. ನನಗೆ ನಗು ತಡೆಯಲಾಗಲಿಲ್ಲ.

ಮಗಳು ಪುಷ್ಪಾ ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜಿಲ್ಲಾ ಖೋಖೋ ತಂಡಕ್ಕೆ ಆಯ್ಕೆಯಾಗಿದ್ದಳು. ಕ್ಯಾಂಪಿಗೆ ಬರುತ್ತಾಳೋ ಇಲ್ಲವೋ ಎಂದು ಸಂಜೆಯೊಳಗೆ ಕೋಚ್ ಮೇಡಮ್ಮಿಗೆ ತಿಳಿಸಬೇಕು. ವಾರದಿಂದ "ಕ್ಯಾಂಪಿಗೆ ಹೋಗ್ಲಾ?" ಎಂದು ಕೇಳಿದಾಗಲೆಲ್ಲ ಯಜಮಾನರು, "ಕೆಂಪಿಗೆ ಮೇವು ಹಾಕಾಯ್ತು" ಎನ್ನುತ್ತಿದ್ದರು. ಕೆಂಪಿ ನಮ್ಮ ಕುರಿ. ಬೇಕಂತಲೇ ಹಾಗೆನ್ನುತ್ತಾರೆಂಬ ಗುಮಾನಿ ನನಗಿತ್ತು.

"ಅಪ್ಪಾ, ಈಗ ಕೇಳ್ಸುತ್ತಾ?"

"ಗಂಟೆ ಹೊಡ್ದಂಗೆ ಕೇಳ್ಸುತ್ತೆ."

"ಹಂಗಾರೆ ಕ್ಯಾಂಪಿಗೆ ಹೋಗ್ಲಾ?"

"ಹೆಣ್ಣುಮಗಳು ಅಷ್ಟು ದಿನ ಹೊರಗಿರೋದು ಬ್ಯಾಡ."

ನನ್ನ ಪಿತ್ತ ನೆತ್ತಿಗೇರಿತು. "ಮಿಷನ್ ಹಾಕಿದ್ರೂ ಕೇಳಲ್ವಲ್ರೀ ನೀವು!"

"ಕೇಳ್ಸುತ್ತೆ ಅಂದ್ನಲ್ಲೇ!"

ಪುಷ್ಪಾ ನಡುವೆ ಬಂದಳು. "ತಡಿಯವ್ವ. ನಾವು ಎಲ್ಲದಕ್ಕೂ ಕೇಳೋದು ಅಂತೀವಿ. ಇಂಗ್ಲಿಷ್‌ನಾಗೆ ಅದಕ್ಕೆ ಮೂರು ಪದ ಅವೆ. ಸುಮ್ನೆ ಕಿವಿಗೆ ಬಿದ್ರೆ ಹಿಯರ್. ಮನಸಿಟ್ಟು ಕೇಳಿದ್ರೆ ಲಿಸನ್. ಅಪ್ಪಂಗೆ ಇವತ್ತು ಬಂದಿರೋದು ಬರೀ ಹಿಯರ್ರು."

ಅವರು ಮಿಷನ್ ಮುಟ್ಟಿ ನೋಡಿಕೊಂಡರು. "ಲಿಸನ್ನಿಗೆ ಬೇರೆ ಮಿಷನ್ ತರಬೇಕೇನು?"

"ಅದಕ್ಕೆ ಮಿಷನ್ ಇಲ್ಲಪ್ಪ. ಇಲ್ಲಿ ಕೂತ್ಕೊ, ಸಾಕು."

ಕೂತರು! ಅವಳು ಶುರುಮಾಡಿದಳು ನೋಡಿ. ಹಾಸ್ಟೆಲ್ಲು, ಜೊತೆಗಿರುವ ಮೇಡಂ, ಗೆಳತಿಯರು, ಕಂಬ ಸುತ್ತಿ ತಿರುಗುವಾಗ ಮೈಯೆಲ್ಲ ಹಗುರಾಗುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

"ಮೂರು ಅಂದೆ, ಎರಡೇ ಹೇಳ್ದೆ. ಇನ್ನೊಂದು ಯಾವುದು?" ಎಂದರು.

"ಆಸ್ಕ್. ಇನ್ನೊಬ್ಬರನ್ನ ಕೇಳೋದು. ನಮ್ಮನ್ಯಾಗೆ ಅದನ್ನ ಯಾವಾಗ್ಲೂ ನಾನೇ ಮಾಡೋದು."

ಅವರು ಮೀಸೆ ತಿಕ್ಕಿಕೊಂಡರು. "ಇವತ್ತು ನಾನು ಮಾಡ್ತೀನಿ ತಗಾ. ಪುಷ್ಪಾ, ನಿನ್ನ ಆಟ ನೋಡಾಕೆ ನಾನೂ ಬರ್ಲಾ?"

ಪುಷ್ಪಾ ಖುಷಿಗೆ ಕಿರುಚಿದ್ದಕ್ಕೆ ಅವರು ಮಿಷನ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು.