ಅಮೀರ ಕುಡಿದ ನೀರು

“ಸಾಯಾಕೂ ಬರೂದಿಲ್ಲೇನಲೇ ಬೋಳಿಮಗನ ನಿನಗ? ಹೆಣ ಎಲ್ಲೆರ ಮೈ ಕೆರಕೋತೈತೇನು?”

ದೊಡ್ಡಧಣಿ ಕರಬಸಪ್ಪ ದೇಸಾಯರು ಕಟ್ಟಿಗೆಯ ಕತ್ತಿಯಿಂದ ನನ್ನ ಪಕ್ಕೆಗೆ ತಿವಿದರು. ಕೈಯಿಂದ ಹೊಡೆದರೆ ಅವರು ಮತ್ತೆ ಜಳಕ ಮಾಡಬೇಕಾಗುತ್ತಿತ್ತು, ಅದಕ್ಕೇ ಕತ್ತಿ.

“ಇರಬಿ ಕಡದ್ವು ರೀ ಧಣಿ,” ಎಂದೆ.

“ಸತ್ತಾವಂಗ ಇರಬಿ ಕಡದ್ರ ಗೊತ್ತಾಕ್ಕೈತೇನು? ಏಳಲೇ ಉಡಚ್ಯಾ. ಇನ್ನೊಮ್ಮೆ ಸಾಯಿ.”

ಎದ್ದೆ. ಇನ್ನೊಮ್ಮೆ ಸತ್ತೆ. ಅಂದು ಅದು ಏಳನೆಯ ಸಾವು.

ಜರ್ಮನಿಯವರ ಎರಡನೆಯ ಯುದ್ಧ ಸುರುವಾದ ವರ್ಷ ಅದು. ಕರ್ಜಗಿಯ ಆಚೆಗಿನ ನಮ್ಮೂರಲ್ಲಿ ಬೇರೆಯದೇ ಯುದ್ಧ ನಡೆದಿತ್ತು. ಮುದುಕ ದೇಸಾಯರು ಮಕ್ಕಳಿಲ್ಲದೆ ತೀರಿಕೊಂಡಿದ್ದರು. ದೇಸಗತಿ ತನಗೇ ಬರಬೇಕೆಂದು ಅವರ ಅಣ್ಣನ ಮಗ ಕರಬಸಪ್ಪನವರೂ ತಮ್ಮನ ಮಗ ಸೋಮಣ್ಣನವರೂ ಹಲ್ಲು ಕಡಿಯುತ್ತಿದ್ದರು. ವಾಡೆಯ ನಡುವೆ ಗೋಡೆ ಎದ್ದಿತ್ತು. ಆ ಗೋಡೆಗೆ ಮಣ್ಣು ತುಳಿದವರೂ ನಾವೇ, ಕೇರಿಯವರು. ಯಾರು ತಕ್ಕವರೆಂದು ಮಾಮಲೇದಾರರು ಮೇಲಕ್ಕೆ ವರದಿ ಬರೆಯಬೇಕಿತ್ತು. ಅವರಿಗೆ ನಾಟಕದ ಹುಚ್ಚು ಎಂದು ಯಾರೋ ದೊಡ್ಡಧಣಿಯ ಕಿವಿಗೆ ಹಾಕಿದರು.

ಹೀಗೆ ರಾಣೆಬೆನ್ನೂರಿನಿಂದ ಒಬ್ಬ ಮಾಸ್ತರ ಬಂದ, ಒಂದು ಟ್ರಂಕು ಗಡ್ಡ-ಮೀಸೆ ಹೊತ್ತುಕೊಂಡು. ಅವನು ತಂದ ಕಥೆ ಅರಬರದು. ಸಾವಿರ ವರ್ಷದ ಹಿಂದೆ ಮೋಸಲ್ ಪಟ್ಟಣವನ್ನಾಳುವ ಅಮೀರ ಸತ್ತನಂತೆ, ಅಣ್ಣತಮ್ಮಂದಿರ ಮಕ್ಕಳಿಬ್ಬರು ಗಾದಿಗಾಗಿ ಬಡಿದಾಡಿದರಂತೆ. ಬಾಗದಾದಿನಲ್ಲಿ ಒಬ್ಬ ಖಲೀಫ. ಅವನ ಕೈಯಲ್ಲಿ ಫೌಜಿಲ್ಲ, ಖಜಾನೆಯಿಲ್ಲ, ಒಂದು ಮುದ್ರೆ ಮಾತ್ರ. ಆ ಮುದ್ರೆ ಬಿದ್ದ ಕಾಗದ ಯಾರಿಗೆ ಸಿಕ್ಕಿತೋ ಅವನೇ ಅಮೀರ.

ಹಿರಿಯ ಅಮೀರನ ಪಾತ್ರ ದೊಡ್ಡಧಣಿಯದು. ಸುದ್ದಿ ಕೇಳಿ ಸಣ್ಣಧಣಿ ಸೋಮಣ್ಣನವರು ಗೋಡೆ ದಾಟಿ ಬಂದರು. “ಸಾಹೇಬರ ಮುಂದ ನೀ ಒಬ್ಬಾವನ ಕುಣೀತೀಯೇನು? ನಾನೂ ಅಮೀರ.” ಇಬ್ಬರಿಗೂ ಗೆಲ್ಲಬೇಕು. ಮಾಸ್ತರ ಒಂದು ದಿನ ತಲೆ ಹಿಡಿದು ಕೂತ. ಕೊನೆಗೆ ಮೂರನೆಯ ಅಂಕದಲ್ಲಿ ಸಣ್ಣಧಣಿ ಗೆಲ್ಲುವುದು, ಐದನೆಯದರಲ್ಲಿ ದೊಡ್ಡಧಣಿ ಎಂದಾಯಿತು. ಸಾಯುವವರು ಮಾತ್ರ ಎರಡರಲ್ಲೂ ನಮ್ಮ ಕೇರಿಯ ಎಂಟು ಮಂದಿ. ಹಸಿರು ರುಮಾಲು ಸುತ್ತಿ ಒಬ್ಬನಿಗಾಗಿ ಸಾಯುವುದು, ಪರದೆಯ ಹಿಂದೆ ಓಡಿ ಕೆಂಪು ರುಮಾಲು ಸುತ್ತಿ ಇನ್ನೊಬ್ಬನಿಗಾಗಿ ಸಾಯುವುದು. ಹೊಲದಲ್ಲಿ ಜೋಳ ಕೊಯ್ಲಿಗೆ ನಿಂತಿತ್ತು. ನನ್ನ ಹೆಂಡತಿ ಸಿದ್ದವ್ವ ಒಬ್ಬಳೇ ಕುಡುಗೋಲು ಹಿಡಿದಿದ್ದಳು.

“ಇವತ್ತರ ಬರ್ತೀಯೋ ಇಲ್ಲೋ?” ಎಂದು ಕೇಳಿದಳು ಒಂದು ಮುಂಜಾನೆ.

“ಇವತ್ತ ಎರಡೂ ಕಡೆ ಸಾಯೂದೈತಿ.”

“ನನ್ನ ಕಡೇನೂ ಒಮ್ಮಿ ಬಂದು ಸಾಯಿ, ನಾಲ್ಕು ಸೂಡು ಕೊಯ್ದು,” ಎಂದು ಹೊರಟುಹೋದಳು.

ಅರಬರ ರಿವಾಜು ಕಲಿಸಲು ಇಸಾಕಸಾಬನನ್ನು ಹಿಡಿದು ತಂದಿದ್ದರು. ಹತ್ತಿ ಹಿಂಜಿ ಗಾದಿ ತುಂಬುವ ಮುದುಕ. ಅವನು ಕಂಡ ದೂರದ ದೇಶವೆಂದರೆ ಬ್ಯಾಡಗಿ.

“ನಿಮ್ಮ ಅಮೀರ ಹೆಂಗ ಕುಂದರ್ತಾನೋ ಸಾಬ, ತೋರಸು,” ಎಂದರು ದೊಡ್ಡಧಣಿ.

“ನಾ ಎಂದ ಕಂಡೇನ್ರಿ? ನಮ್ಮನ್ಯಾಗ ಇರೂದು ಒಂದ ಚಾಪಿ.”

“ನಿಮ್ಮ ಮಂದಿ ಅಲ್ಲೇನಲೇ ಅವರು?”

ಇಸಾಕಸಾಬ ಗಡ್ಡ ನೀವಿಕೊಂಡ. “ಅಮೀರ ನಮ್ಮ ಮಂದಿ ಹೆಂಗಾಗ್ತಾನ್ರಿ ಧಣಿ? ಅಂವ ನಿಮ್ಮ ಮಂದಿ.”

ಸಲಾಮು ಸ್ವೀಕರಿಸುವ ಅಭ್ಯಾಸ ಆಗಬೇಕೆಂದು ಇಬ್ಬರು ಧಣಿಗಳೂ ಎರಡು ಕುರ್ಚಿ ಹಾಕಿಸಿ ಕೂತರು. ಮುದುಕ ಬಿಸಿಲಿನಲ್ಲಿ ಈ ಕುರ್ಚಿಗೊಮ್ಮೆ ಆ ಕುರ್ಚಿಗೊಮ್ಮೆ ಬಾಗಿ ಸಲಾಮು ಹೊಡೆದ. ಅವನಿಗೆ ಹತ್ತು ಹೊಡೆದೆ, ನನಗೆ ಒಂಬತ್ತೇ ಎಂದು ಸಣ್ಣಧಣಿ ತಕರಾರು ತೆಗೆದದ್ದರಿಂದ ಮತ್ತೆ ಮೊದಲಿನಿಂದ ಸುರುವಾಯಿತು. ಕೊನೆಗೆ ಮುದುಕನ ಸೊಂಟ ಹಿಡಿದು, ಬಾಗಿದವನು ಬಾಗಿದ ಹಾಗೆಯೇ ಮನೆಗೆ ಹೋದ.

ಮಾಮಲೇದಾರರು ಹಾವೇರಿ ಸ್ಟೇಷನ್ನಿನಲ್ಲಿ ಸಂಜೆಯ ಗಾಡಿ ಹಿಡಿಯಬೇಕಿತ್ತು. ಹಾಗಾಗಿ ನಾಟಕ ಮಟಮಟ ಮಧ್ಯಾಹ್ನ ಸುರುವಾಯಿತು, ವಾಡೆಯ ಮುಂದಿನ ಬಯಲಿನಲ್ಲಿ. ನಮಗೆ ಲೋಹದ ಅಂಗಿಯ ಬದಲು ಕರಿ ಕಂಬಳಿ ಹೊದಿಸಿದ್ದರು. ಮೂರನೆಯ ಅಂಕ ಮುಗಿಯುವುದರೊಳಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಬಾವಿ ಐವತ್ತು ಹೆಜ್ಜೆಯಾಚೆಗೇ ಇತ್ತು. ನಾವು ಅದನ್ನು ಮುಟ್ಟುವಂತಿಲ್ಲ. ಮೇಲಿನವರು ಯಾರಾದರೂ ಸೇದಿ ಬೊಗಸೆಗೆ ಸುರಿಯಬೇಕು. ಸುರಿಯುವವರೆಲ್ಲ ನಾಟಕ ನೋಡುತ್ತ ಕೂತಿದ್ದರು.

ಐದನೆಯ ಅಂಕ ಬಂತು. ಹಿರಿಯ ಅಮೀರ ವೈರಿಯ ಸೈನ್ಯಕ್ಕೆ ನೀರು ಸಿಗದಂತೆ ತಡೆದಿದ್ದಾನೆ. ನಾವೆಲ್ಲ ಮರಳಿನ ಮೇಲೆ ಬಿದ್ದು ಸಾಯುತ್ತಿದ್ದೇವೆ. ಅಮೀರ ತಾಮ್ರದ ಕೊಡ ಎತ್ತಿ ನಮ್ಮ ಕಣ್ಣೆದುರೇ ಕುಡಿದು, ಉಳಿದದ್ದನ್ನು ನೆಲಕ್ಕೆ ಚೆಲ್ಲಬೇಕು. ತಾಲೀಮಿನಲ್ಲಿ ಕೊಡ ಖಾಲಿ ಇರುತ್ತಿತ್ತು. ಸಾಹೇಬರಿಗೆ ನೀರು ಹರಿಯುವುದು ಕಾಣಬೇಕೆಂದು ದೊಡ್ಡಧಣಿ ಅಂದು ವಾಡೆಯ ಬಾವಿಯಿಂದಲೇ ತುಂಬಿಸಿದ್ದರು.

ಆ ಕೊಡ ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿತ್ತು. ಹೊರಮೈ ಬೆವತು ಹನಿ ಇಳಿಯುತ್ತಿತ್ತು. ದೊಡ್ಡಧಣಿ ಆಕಾಶಕ್ಕೆ ಕೈಯೆತ್ತಿ ಉದ್ದನೆಯ ಮಾತು ಸುರುಮಾಡಿದರು: “ಮರುಭೂಮಿಯೇ ಕೇಳು, ನನ್ನ ಕುಲದ ಕೀರ್ತಿಯನ್ನು...” ಕುಲ ಮುಗಿಯಿತು, ಕೀರ್ತಿ ಮುಗಿಯಲಿಲ್ಲ. ನಾನು ಎದ್ದೆ. ಯೋಚಿಸಿ ಎದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನೀರು ಅಲ್ಲಿತ್ತು, ಎದ್ದೆ. ಎರಡೂ ಕೈಯಿಂದ ಕೊಡ ಎತ್ತಿ ಬಾಯಿ ಹಚ್ಚಿ ಗಟಗಟ ಕುಡಿದೆ. ಪಕ್ಕದ ಹೆಣಕ್ಕೆ ಕೊಟ್ಟೆ. ಅದೂ ಎದ್ದು ಕೂತು ಕುಡಿಯಿತು. ಹಾಗೆ ಎಂಟೂ ಹೆಣಗಳು ಕುಡಿದವು. ಉಳಿದ ನೀರಿನ ಸಮೇತ ಕೊಡವನ್ನು ಅಮೀರನ ಕಾಲ ಬಳಿ ಇಟ್ಟೆ.

ದೊಡ್ಡಧಣಿಯ ಕತ್ತಿ ನನ್ನ ತಲೆಯ ಮೇಲೆ ಎದ್ದಿತ್ತು. ಅಷ್ಟರಲ್ಲಿ ಮಾಮಲೇದಾರರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು.

“ಭೇಷ್! ಇವರು ಹರಿಜನರೇನ್ರಿ ಖರೇನ?” ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು. “ದೇಸಾಯರ, ಸರಕಾರದ ಹೊಸ ಧೋರಣೆ ನಿಮಗ ಎಷ್ಟು ಛಂದ ತಿಳದದ! ಹರಿಜನರು ಕುಡದ ಕೊಡದಾಗ ಅಮೀರನೂ ಕುಡಿಯೂದು! ಇದನ್ನ ನಾ ವರದಿಯೊಳಗ ಬರೀತೇನಿ.”

ಕತ್ತಿ ಇಳಿಯಿತು. ಪರದೆಯ ಸಂದಿಯಿಂದ ಮಾಸ್ತರನ ದನಿ ಬಂತು: “ಕುಡೀರಿ ಧಣ್ಯಾರ. ಈಗ ನೀವು ಕುಡಿಯೂದೈತಿ.”

ದೊಡ್ಡಧಣಿ ಕೊಡ ನೋಡಿದರು, ಸಾಹೇಬರನ್ನು ನೋಡಿದರು. ಆಚೆ ಬದಿಗೆ ನಿಂತ ಸಣ್ಣಧಣಿ ಮೀಸೆಯಲ್ಲೇ ನಗುತ್ತಿದ್ದರು.

“ಕುಡಿಯೋ ಯಣ್ಣಾ,” ಎಂದರು ಮೆಲ್ಲಗೆ. “ಕುಡದ್ರ ಜಾತಿ ಹೋಗತೈತಿ. ಬಿಟ್ರ ದೇಸಗತಿ ಹೋಗತೈತಿ. ನಿನಗ ಯಾವುದು ಬೇಕು ನೋಡು.”

ದೊಡ್ಡಧಣಿ ಕಣ್ಣು ಮುಚ್ಚಿದರು. ಕೊಡ ಎತ್ತಿ ಕುಡಿದರು. ಗಂಟಲ ಮಣಿ ಮೂರು ಸಲ ಮೇಲೆ ಕೆಳಗೆ ಆದದ್ದನ್ನು ಇಡೀ ಊರು ಎಣಿಸಿತು. ನೀರು ಹತ್ತಿ ಗಡ್ಡದ ಅಂಟು ಬಿಟ್ಟು ಅಮೀರನ ಗಡ್ಡ ಎದೆಯ ಮೇಲೆ ಜೋತಾಡಿತು. ಸಾಹೇಬರು ಹಾರ ಹಾಕಿ, ಬೆನ್ನು ತಟ್ಟಿ, ಗಾಡಿ ಹಿಡಿಯಲು ಹೋದರು.

ಬೆಳಗಾಗುವುದರೊಳಗೆ ಸಣ್ಣಧಣಿ ಅಣ್ಣನನ್ನು ಜಾತಿಯಿಂದ ಹೊರಹಾಕಿಸಲು ಮಠದ ಅಯ್ನೋರನ್ನು ಕರೆತಂದಿದ್ದರು. ನನ್ನನ್ನು ವಾಡೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದರು. ವಾಡೆಯ ಆಳು ಬಾರುಕೋಲು ಬೀಸುತ್ತಿದ್ದ. ಹನ್ನೆರಡು ಏಟಿನವರೆಗೆ ನನಗೆ ನೆನಪಿದೆ. ಎದುರಿಗೆ ಸಿದ್ದವ್ವ ಕುಡುಗೋಲು ಬಿಡದೆ ನಿಂತಿದ್ದಳು. ದೊಡ್ಡಧಣಿ ಮೂರು ಸಲ ಜಳಕ ಮಾಡಿ, ಅಯ್ನೋರ ಪಾದ ತೊಳೆದ ಪಾದೋದಕ ಕುಡಿದು, ಹಣೆ ತುಂಬ ವಿಭೂತಿ ಬಳಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಏನು ಮಾತಾಯಿತೋ, ಅಯ್ನೋರು ಹೊರಬಂದು ತೀರ್ಪು ಹೇಳಿದರು.

“ಧಣ್ಯಾರದೇನೂ ತಪ್ಪಿಲ್ಲ. ಮೈಲಿಗಿ ಆಗಿದ್ದು ಕೊಡಾ. ಒಯ್ದು ಹಳ್ಳಕ್ಕ ಒಗೀರಿ.”

ಬಾಯಲ್ಲಿ ರಕ್ತದ ರುಚಿಯಿತ್ತು. ಉಗುಳಿ ಕೇಳಿದೆ:

“ಅಯ್ನಾರ, ಕೊಡಾ ಬರೇ ನೀರು ಹೊತ್ತಿತ್ರಿ. ಅದನ್ನ ಹಳ್ಳಕ್ಕ ಒಗೀರಿ ಅಂದ್ರಿ. ಕುಡದಾರನ್ನ ಎಲ್ಲಿ ಒಗೀತೀರಿ?”

ಗೋಡೆಯಾಚೆಯಿಂದ ಸಣ್ಣಧಣಿಯ ನಗು ಕೇಳಿಸಿತು. “ಹೊಡೀಯೋ ಅವನ್ನ!” ಎಂದು ದೊಡ್ಡಧಣಿ ಒದರಿದರು.

ಆಳಿನ ಕೈ ಮೇಲೆಯೇ ನಿಂತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಧಣಿಯ ಮುಖವನ್ನೂ ನೋಡುತ್ತಿರಲಿಲ್ಲ. ಅಲ್ಲಿ ನೆರೆದ ಎಲ್ಲರಂತೆ ಅವನೂ ಧಣಿಯ ಹೊಟ್ಟೆಯನ್ನೇ ನೋಡುತ್ತಿದ್ದ.