ಕ್ಯಾಮೆರಾದ ಮುಂದಿನ ಸ್ಟೂಲು

ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರು ಮತ್ತೆ ರಚ್ಚೆ ಹಿಡಿದಾಗ ನಕ್ಷೆಗಾರನಿಗೆ ತಲೆ ಕೆಟ್ಟುಹೋಯಿತು. ಶಾಲೆಯ ಹೊಸ ಕಟ್ಟಡದ ನಕ್ಷೆ ಸಂಜೆಯೊಳಗೆ ಹೋಗಬೇಕು, ಸೇವ್ ಆಗುತ್ತಿಲ್ಲ. ಅದೆಷ್ಟು ಸಿನಿಮಾ ತುಂಬಿಟ್ಟಿದ್ದೀರೋ ಮಾರಾಯರೇ ಎಂದು ಪಕ್ಕದ ಮೇಜಿನವಳು ಛೇಡಿಸಿದಳು.

ಫೋಲ್ಡರುಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿದ. ನಕ್ಷೆಗಳೆಲ್ಲ ಸೇರಿದರೂ ಕಾಲುಭಾಗ ಆಗಲಿಲ್ಲ. ಉಳಿದ ಜಾಗವನ್ನೆಲ್ಲ ನುಂಗಿ ಕೂತಿದ್ದದ್ದು ಮನೆಯ ಕ್ಯಾಮೆರಾ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನಡುಮನೆಯಲ್ಲಿ ಹಾಕಿಸಿದ್ದು ಅದು. ಎದುರಿಗೆ ಯಾರಾದರೂ ಸುಳಿದಾಡಿದರೆ ಮಾತ್ರ ಚಿತ್ರ ಹಿಡಿದು ಇಲ್ಲಿಗೆ ಕಳಿಸುತ್ತದೆ. ದಿನವಿಡೀ ಒಳಕೋಣೆಯಲ್ಲಿ ಮಲಗಿರುವ ಮುದಿಜೀವ ಎಷ್ಟು ಸುಳಿದಾಡೀತು? ಆಫೀಸಿನಿಂದಲೇ ನೋಡುತ್ತಿರುತ್ತೇನೆ, ಧೈರ್ಯವಾಗಿರು ಎಂದು ಅವಳಿಗೆ ದೊಡ್ಡದಾಗಿ ಹೇಳಿದ್ದ. ನೋಡಿದ, ಮಣ್ಣು! ಒಂದು ದಿನವೂ ತೆರೆದವನಲ್ಲ.

ಅಳಿಸುವ ಮುನ್ನ ಯಾವುದೋ ಒಂದನ್ನು ತೆರೆದ. ಅಮ್ಮ ಕ್ಯಾಮೆರಾದ ಕೆಳಗೆ ನಿಂತು, ಅಂಗೈಯಲ್ಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ತೋರಿಸಿ ನುಂಗಿದಳು. ಆಮೇಲೆ ಬಾಯಿ ತೆರೆದೂ ತೋರಿಸಿದಳು. ಅವನಿಗೆ ನಗು ಬಂತು. ಮುಂದಿನದರಲ್ಲಿ ಉಂಡು ತೊಳೆದ ತಟ್ಟೆ.

ಅದರಾಚೆಯದರಲ್ಲಿ ಅವಳು ಸ್ಟೂಲಿನ ಮೇಲೆ ಕೂತು, ಕಾಲುಚೀಲ ಬಿಚ್ಚಿ, ಪಾದ ಎತ್ತಿ ಹಿಡಿದಿದ್ದಳು. ಹೆಬ್ಬೆರಳು ಕಪ್ಪಾಗಿತ್ತು. ಕ್ಯಾಮೆರಾಕ್ಕೆ ಧ್ವನಿಯಿಲ್ಲ, ತುಟಿಗಳಷ್ಟೇ ಆಡುತ್ತಿದ್ದವು. ಮರುದಿನವೂ ಅದೇ ಕಾಲು, ಅದರ ಮರುದಿನವೂ ಅದೇ. ಹೋಗುತ್ತ ಹೋಗುತ್ತ ಕಪ್ಪು ಪಕ್ಕದ ಬೆರಳಿಗೂ ಹಬ್ಬಿತ್ತು. ಅಮ್ಮ ಕಾಲುಚೀಲ ಬಿಚ್ಚದೇ ಇರುವುದು ಚಳಿಗೆ ಎಂದೇ ಅವನು ತಿಳಿದಿದ್ದ.

ಈ ಹೊತ್ತಿನ ನಡುಮನೆಯನ್ನು ಪರದೆಯ ಮೇಲೆ ತಂದುಕೊಂಡು ಮನೆಗೆ ಫೋನ್ ಮಾಡಿದ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಫೋನ್ ಎತ್ತಿದಳು.

"ಕಾಲು ಹೀಗಾಗಿದೆ ಅಂತ ನನಗ್ಯಾಕೆ ಹೇಳಲಿಲ್ಲಮ್ಮ?"

"ದಿನಾ ತೋರಿಸ್ತಾನೇ ಇದ್ನಲ್ಲೋ. ನೋಡಿಯೂ ನೀನೇನೂ ಅನ್ನಲಿಲ್ಲ. ಹಾಗಾದ್ರೆ ಅಂಥಾದ್ದೇನಿಲ್ಲ ಬಿಡು, ಅಂದ್ಕೊಂಡೆ."

ನೋಡಿರಲಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಈಗಲೇ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಹೇಳಿದ. ನಕ್ಷೆ ಹಾಳಾಗಿ ಹೋಗಲಿ.

"ಹೌದಾ? ಅಷ್ಟೊಂದು ಆಗಿದೆಯಾ?" ಅಮ್ಮನ ದನಿ ಸಣ್ಣಗಾಯಿತು. "ತಡಿ, ಇನ್ನೊಂದ್ಸಲ ಸರಿಯಾಗಿ ನೋಡು."

ಚೀಲ ಹೆಗಲಿಗೇರಿಸಿದವನು ಹಾಗೇ ನಿಂತ. ಪರದೆಯಲ್ಲಿ ಅಮ್ಮ ಫೋನನ್ನು ಕೆಳಗಿಟ್ಟು, ಎರಡೂ ಕೈಯಿಂದ ಸ್ಟೂಲನ್ನು ಕ್ಯಾಮೆರಾದ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.