ತಾರೀಖಿಲ್ಲದ ಕಾಯ್ದೆ

ನ್ಯಾಯ ಸಚಿವಾಲಯಕ್ಕೆ ನೂರು ತುಂಬುತ್ತದೆ, ಒಂದು ಇತಿಹಾಸ ಬರೆಸಿ ಎಂದು ಸಚಿವರು ಹೇಳಿದಾಗ ಎಲ್ಲರ ಕಣ್ಣೂ ಹೋದದ್ದು ಕಡತದಪ್ಪನವರ ಮೇಲೆ. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು ಬಿಡಿ, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮೂವತ್ತೆಂಟು ವರ್ಷ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದ ಮನುಷ್ಯ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು.

ಬರವಣಿಗೆ ಚೆನ್ನಾಗಿಯೇ ಸಾಗಿತು. ಮೊದಲು ಅರಮನೆಯ ಹಿಂದೆ ಮುದ್ರೆ ಒತ್ತುವ ಎರಡು ಕೋಣೆ, ಅಷ್ಟೇ. ಆಮೇಲೆ ಜೈಲುಗಳು ಇದರ ಕೈಗೆ ಬಂದವು, ನ್ಯಾಯಾಧೀಶರ ನೇಮಕ ಬಂತು, ಕಾಯ್ದೆಗಳ ಕರಡು ಬರೆಯುವ ಕೆಲಸವೂ ಬಂತು. ಸಚಿವರು ಇಪ್ಪತ್ತಾರು ಜನ ಆಗಿಹೋದರು. ಅದರಲ್ಲಿ ಒಬ್ಬರಂತೂ ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಹೋಗಿದ್ದರು. ಪಾಪ, ಅವರದ್ದೂ ಒಂದು ಸಾಲು ಇರಲಿ ಎಂದು ಕಡತದಪ್ಪ ಹನ್ನೆರಡು ವರ್ಷದ ಹಿಂದಿನ ಕಟ್ಟೊಂದನ್ನು ಬಿಚ್ಚಿದರು.

ಒಳಗೊಂದು ಕಾಯ್ದೆ ಇತ್ತು. ಇಪ್ಪತ್ತೊಂದು ತುಂಬುವ ಮೊದಲು ಸಣ್ಣ ತಪ್ಪಿಗೆ ಶಿಕ್ಷೆ ಅನುಭವಿಸಿ, ಆಮೇಲೆ ಐದು ವರ್ಷ ಸರಿಯಾಗಿ ಬಾಳಿದವರ ಹೆಸರಿನ ಮೇಲಿನ ಕಳಂಕವನ್ನು ಸಚಿವಾಲಯವೇ ಅಳಿಸಿ ಪ್ರಮಾಣಪತ್ರ ಕೊಡಬೇಕು. ಶಾಸನಸಭೆ ಒಪ್ಪಿತ್ತು, ಮುದ್ರೆಯೂ ಬಿದ್ದಿತ್ತು. ‘ಸಚಿವಾಲಯ ಗೊತ್ತುಪಡಿಸಿದ ದಿನದಿಂದ ಜಾರಿ’ ಎಂಬಲ್ಲಿ ಮಾತ್ರ ತಾರೀಖಿನ ಜಾಗ ಖಾಲಿ. ಮರುವಾರವೇ ಸರ್ಕಾರ ಬಿದ್ದಿತ್ತು, ಆ ಗದ್ದಲದಲ್ಲಿ ಯಾರಿಗೂ ನೆನಪಾಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಆ ಪೂಜಾರಿ ಯಾರು ಎಂದು ಕಡತದಪ್ಪ ಹಾಳೆ ತಿರುವಿ ನೋಡಿದರು. ಈ ಕಚೇರಿಯಲ್ಲಿ ಒಂದು ಪದ್ಧತಿ. ಸರ್ಕಾರ ಬದಲಾದ ದಿನ ಕೆಲಸ ಬಾಕಿಯಿರುವ ಕಡತಕ್ಕೆ ಬಿಳಿ ದಾರ ಕಟ್ಟಿ ಹೊಸ ಸಚಿವರ ಮೇಜಿಗೆ ಕಳಿಸಬೇಕು, ಮುಗಿದದ್ದಕ್ಕೆ ಕೆಂಪು ದಾರ ಕಟ್ಟಿ ನೆಲಮಾಳಿಗೆಗೆ ಇಳಿಸಬೇಕು. ಇದಕ್ಕೆ ಕಟ್ಟಿದ್ದು ಕೆಂಪು ದಾರ. ಅಂಗೀಕಾರದ ಮುದ್ರೆ ಕಂಡೊಡನೆ ಮುಗಿಯಿತು ಅಂದುಕೊಂಡಿದ್ದರು. ಹಾಳೆಯ ಮೂಲೆಯಲ್ಲಿ ಕಡತದಪ್ಪನವರದೇ ಸಹಿ.

ಬೇರೆ ಯಾವ ಕಾಯ್ದೆಯಾಗಿದ್ದರೂ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತು. ಆದರೆ ಮನೆಯಲ್ಲಿ ನಾದಿನಿ ಇದ್ದಳು, ಹೆಂಡತಿಯ ಒಬ್ಬಳೇ ತಂಗಿ. ಹತ್ತೊಂಬತ್ತರಲ್ಲಿ ಗಿರಣಿ ಕೆಲಸಕ್ಕೆ ಹೋಗುತ್ತಿದ್ದಾಗ ಅಲ್ಲಿನ ಮೇಸ್ತ್ರಿ ಪಕ್ಕದ ಹುಡುಗಿಯ ಕೈ ಹಿಡಿದೆಳೆದನೆಂದು ಅವನ ತಲೆಗೆ ಬಾರಿಸಿ ಮೂರು ತಿಂಗಳು ಜೈಲಿಗೆ ಹೋಗಿಬಂದವಳು. ಆಮೇಲೆ ನರ್ಸಿಂಗ್ ಓದಿ ಪಾಸು ಮಾಡಿದಳು, ಆದರೆ ಜೈಲಿಗೆ ಹೋದವರ ಹೆಸರು ನರ್ಸುಗಳ ಪಟ್ಟಿಗೆ ಸೇರುವುದಿಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಆಗಿಯೇ ಉಳಿದಳು. ನಲವತ್ತು ತುಂಬಿದವರನ್ನು ಪಟ್ಟಿ ಹೇಗೂ ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ನಲವತ್ತು ತುಂಬಲು ಉಳಿದದ್ದು ಹತ್ತೊಂಬತ್ತು ದಿನ.

ಶಾಖೆಯ ಮುಖ್ಯಸ್ಥ ಒಳ್ಳೆಯವನೇ. ಕಡತವನ್ನು ಇಲಿ ಕಡಿಯಿತೆಂದೋ ಕಪಾಟು ಬದಲಾಯಿತೆಂದೋ ಬರೆದು ಮೇಲೆ ಕಳಿಸಿ, ಹೋಗುವ ಕಾಲಕ್ಕೆ ಪಿಂಚಣಿಗೆ ಯಾಕೆ ಕಲ್ಲು ಹಾಕಿಕೊಳ್ಳುತ್ತೀರಿ ಎಂದ. ಹಾಗೆ ಬರೆದರೆ ತಪ್ಪು ಯಾರದೆಂದು ವಿಚಾರಣೆ ಕೂರುತ್ತದೆ. ವಿಚಾರಣೆ ಕೂತರೆ ಆರು ತಿಂಗಳಿಗೆ ಮೊದಲು ಏಳುವ ಮಾತಿಲ್ಲ. ಕಡತದಪ್ಪ ಇಡೀ ಮಧ್ಯಾಹ್ನ ಪೆನ್ನು ಕಚ್ಚುತ್ತ ಕೂತು, ಕೊನೆಗೆ ಎರಡೇ ಸಾಲು ಬರೆದರು: ಮುಗಿಯದ ಕಡತಕ್ಕೆ ಕೆಂಪು ದಾರ ಕಟ್ಟಿದವನು ನಾನು. ವಿಚಾರಣೆ ಬೇಡ, ತಾರೀಖು ಬೇಕು.

ಕಾರ್ಯದರ್ಶಿ ಮೇಡಂ ಓದಿ ಕನ್ನಡಕ ತೆಗೆದರು. ಇಪ್ಪತ್ತು ವರ್ಷದಲ್ಲಿ ತಪ್ಪು ತನ್ನದೆಂದು ಬರೆದ ಟಿಪ್ಪಣಿಯನ್ನು ತಾವು ನೋಡಿದ್ದು ಇದೇ ಮೊದಲು ಎಂದರು. ಎಚ್ಚರಿಕೆ ಪತ್ರವಂತೂ ಕೊಡಲೇಬೇಕು, ಅದರ ಜೊತೆಗೆ ತಾರೀಖನ್ನೂ ಕೊಡಿಸುತ್ತೇನೆ ಎಂದು ಕಡತ ಹಿಡಿದು ಸಚಿವರ ಕೋಣೆಗೆ ನಡೆದರು. ಸೋಮವಾರದಿಂದ ಕಾಯ್ದೆ ಜಾರಿಯಾಯಿತು. ಮೊದಲ ಅರ್ಜಿ ನಾದಿನಿಯದೇ. ಹತ್ತನೇ ದಿನಕ್ಕೆ ಪ್ರಮಾಣಪತ್ರ ಬಂತು, ಹುಟ್ಟುಹಬ್ಬಕ್ಕೆ ಮೂರು ದಿನ ಮೊದಲು ಅವಳ ಹೆಸರು ಪಟ್ಟಿ ಸೇರಿತು.

ಕೆಂಪು ದಾರದ ಮಾತನ್ನು ಮಾತ್ರ ಕಡತದಪ್ಪ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಅಕ್ಕತಂಗಿಯರು ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ ನಗುತ್ತಿದ್ದುದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟರು, ಕೊನೆಗೆ ಅತ್ತೇಬಿಟ್ಟರು. ಹೆಂಡತಿ ತಂಗಿಯ ಮುಖ ನೋಡಿದಳು. ನಾದಿನಿ ಇಸ್ತ್ರಿಯನ್ನು ನಿಲ್ಲಿಸಿಟ್ಟು ಕಿಟಕಿಯತ್ತ ತಿರುಗಿದಳು. ಹನ್ನೆರಡು ವರ್ಷ ಅಂದರೆ ಸುಮ್ಮನೆಯೇ?

ಕಣ್ಣೊರೆಸಿಕೊಂಡು ತಿರುಗಿದಾಗ ಅವಳ ದನಿ ಗಟ್ಟಿಯಾಗಿತ್ತು. “ಭಾವ, ಸಿಟ್ಟು ಬಂದಿದೆ, ಇಲ್ಲ ಅನ್ನಲ್ಲ. ಆದರೆ ಸಿಟ್ಟು ಮಾಡ್ಕೊಂಡು ಕೂತರೆ ಇನ್ನೊಂದು ಹನ್ನೆರಡು ವರ್ಷ ಅದಕ್ಕೇ ಹೋಗುತ್ತೆ. ನಂಗೆ ಅಷ್ಟು ಪುರುಸೊತ್ತಿಲ್ಲ.”

ಮತ್ತೆ ಅವಳೇ ಕೇಳಿದಳು.

“ನನ್ನಂಥೋರು ಇನ್ನೆಷ್ಟು ಜನ ಇದಾರೆ?”

ಜೈಲಿನ ಹಳೆಯ ಪುಸ್ತಕಗಳ ಪ್ರಕಾರ ನಾಲ್ಕು ಸಾವಿರಕ್ಕೆ ಕಡಿಮೆಯಿಲ್ಲ ಎಂದರು.

“ಅವರಿಗೆಲ್ಲ ಈ ಕಾಯ್ದೆ ಬಂದಿರೋದು ಗೊತ್ತಾ?”

ಇಲ್ಲ ಎಂದು ತಲೆಯಾಡಿಸಿದರು.

“ಮತ್ತೆ ಮನೇಲಿ ಕೂತು ಅಳ್ತಾ ಇದೀರಲ್ಲ ಭಾವ. ಎದ್ದೇಳಿ, ನಿಮಗಿರೋದು ಇನ್ನು ಮೂರೇ ತಿಂಗಳು.”

ಕಡತದಪ್ಪ ಮುಖ ತೊಳೆದು ಅಂಗಿ ಹಾಕಿಕೊಂಡರು. ಭಾನುವಾರ ದಾಖಲೆ ಕೋಣೆಯ ಬೀಗ ತೆಗೆದದ್ದು ಸಚಿವಾಲಯದ ನೂರು ವರ್ಷದಲ್ಲಿ ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಲಕೋಟೆಗಳ ಮೇಲೆ ವಿಳಾಸ ಬರೆದಾಗಿತ್ತು.